ಗೇಟಿನ ಬಣ್ಣದಿಂದ ನ್ಯಾನೋ ಲೇಪನದವರೆಗೆ



ಐದಾರು ಮಳೆಗಾಲ ಕಂಡ ಬಿಳಿ ಬಣ್ಣದ ಗೇಟೊಂದರ ಮೇಲೆ ಒಮ್ಮೆ ಅಂಗೈ ಸವರಿ ನೋಡಿ. ಕೈಗೆ ಬಿಳಿ ಪುಡಿ ಹತ್ತುತ್ತದೆ. ಹಬ್ಬಕ್ಕೆಂದು ಹೊಲಿಸಿದ ಹೊಸ ಅಂಗಿ ತೊಟ್ಟು ಅಂತಹ ಗೇಟಿಗೆ ಒರಗಿ ನಿಂತು ಮನೆಯಲ್ಲಿ ಬೈಸಿಕೊಂಡ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಅದು ಸುಣ್ಣವಲ್ಲ, ದುಡ್ಡು ಕೊಟ್ಟು ತಂದು ಬಳಿಸಿದ ಒಳ್ಳೆಯ ಬಣ್ಣವೇ. ಅಂಗಡಿಯವರನ್ನು ಕೇಳಿದರೆ ನಮ್ಮ ಕರಾವಳಿಯ ಮಳೆಗೆ ಯಾವ ಬಣ್ಣವೂ ನಿಲ್ಲುವುದಿಲ್ಲ ಎಂದು ಮಳೆಯ ಮೇಲೆ ದೂರು ಹಾಕುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಬಣ್ಣವನ್ನು ಮೊದಲು ಕೆಡಿಸುವುದು ಬಿಸಿಲು. ಅದಕ್ಕಿಂತಲೂ ಸೋಜಿಗದ ಸಂಗತಿಯೆಂದರೆ, ಬಿಸಿಲಿಗೆ ಈ ಕೆಲಸದಲ್ಲಿ ನೆರವಾದದ್ದು ನಿಮ್ಮ ಕೈಗೆ ಹತ್ತಿದ ಆ ಬಿಳಿ ಪುಡಿಯೇ. ಕಾವಲಿಗೆ ಇಟ್ಟವನೇ ಕಳ್ಳನಾದ ಕಥೆ ಇದು. ಅವನನ್ನು ಮತ್ತೆ ಕಾವಲುಗಾರನನ್ನಾಗಿ ಮಾಡಲು ನೂರು ವರ್ಷಗಳಿಂದ ಏನೇನು ಪ್ರಯತ್ನ ನಡೆಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬಣ್ಣ ಎಂದು ನಾವು ಕರೆಯುವ ಲೇಪದಲ್ಲಿ ಮುಖ್ಯವಾಗಿ ಎರಡು ವಸ್ತುಗಳಿರುತ್ತವೆ. ಒಂದು, ಬಣ್ಣ ಕೊಡುವ ಪುಡಿ. ಇನ್ನೊಂದು, ಆ ಪುಡಿಯನ್ನು ಹಿಡಿದಿಟ್ಟು ಗೋಡೆಗೋ ಕಬ್ಬಿಣಕ್ಕೋ ಅಂಟಿಸುವ ವಸ್ತು. ಇದನ್ನು ಬೈಂಡರ್ ಎನ್ನುತ್ತಾರೆ. ತೆಳುವಾಗಿಸಲು ಹಾಕುವ ಟರ್ಪೆಂಟೈನ್ ಅಥವಾ ನೀರು ಬಳಿದ ಮೇಲೆ ಆರಿ ಹೋಗುತ್ತದೆ. ಉಳಿಯುವ ಬೈಂಡರ್ ಒಂದು ಪಾಲಿಮರ್, ಅಂದರೆ ಸಣ್ಣ ಅಣುಗಳು ಸರಪಳಿಯಂತೆ ಕೂಡಿ ಆದ ಉದ್ದನೆಯ ಅಣುಗಳ ಹೆಣಿಗೆ. ಹಿಂದಿನ ಕಾಲದಲ್ಲಿ ಅಗಸೆ ಎಣ್ಣೆಯೇ ಬೈಂಡರ್ ಆಗಿತ್ತು. ಅದು ಗಾಳಿಯ ಆಮ್ಲಜನಕವನ್ನು ಹೀರಿ ತಾನಾಗಿ ಗಟ್ಟಿಯಾಗುತ್ತದೆ. ನಮ್ಮ ನಾಡಿನ ಅರಗು ಕೂಡ ಇದೇ ಜಾತಿಯದು. ಚನ್ನಪಟ್ಟಣದ ಗೊಂಬೆಗಳ ಹೊಳಪು ಅರಗಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಕಾರ್ಖಾನೆಯ ಹೆಸರಿನಲ್ಲೇ ಅರಗು ಇದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962ರಿಂದ ತಯಾರಿಸುತ್ತಿರುವುದೂ ಇದೇ ಸಂಸ್ಥೆ. ಆದರೆ ಅರಗು ಮನೆಯೊಳಗಿನ ವಸ್ತುಗಳಿಗೆ ಸರಿ. ನೀರು ನಿಂತರೆ ಬೆಳ್ಳಗಾಗುತ್ತದೆ, ಬಿಸಿಲು ಮಳೆಗೆ ತಾಳುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕಾರ್ಖಾನೆಯ ಪಾಲಿಮರುಗಳು ಬಂದವು. 1920ರ ದಶಕದಲ್ಲಿ ಆಲ್ಕಿಡ್, 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಅವರ ಪಾಲಿಯುರೆಥೇನ್, ಮುಂದೆ ಎಪಾಕ್ಸಿ, ಅಕ್ರಿಲಿಕ್. ಎಪಾಕ್ಸಿ ಕಬ್ಬಿಣಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ, ನೀರನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಿಸಿಲು ಕಂಡರೆ ಬೇಗ ಪುಡಿಯಾಗುತ್ತದೆ. ಹೀಗೆ ಒಂದೊಂದಕ್ಕೆ ಒಂದೊಂದು ದೌರ್ಬಲ್ಯ. ಕಾರಣ ಸರಳ. ಭೂಮಿಗೆ ತಲುಪುವ ಸೂರ್ಯನ ಬೆಳಕಿನಲ್ಲಿ ಸುಮಾರು 295ರಿಂದ 400 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಕಿರಣಗಳಿವೆ. ಪಾಲಿಮರ್ ಸರಪಳಿಯ ಕೊಂಡಿಗಳನ್ನು ಕಡಿಯಲು ಅವುಗಳ ಶಕ್ತಿ ಸಾಕು. ಕಡಿದ ಜಾಗಕ್ಕೆ ಗಾಳಿಯ ಆಮ್ಲಜನಕ ಬಂದು ಸೇರುತ್ತದೆ, ಮಳೆಯ ನೀರು ಸಡಿಲವಾದುದನ್ನು ತೊಳೆದೊಯ್ಯುತ್ತದೆ. ಸಮುದ್ರದ ಉಪ್ಪು ಬಿರುಕಿನೊಳಗೆ ಇಳಿದು ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ನಮ್ಮ ಕಣ್ಣಿಗೆ ಬೀಳುವುದು ಇಷ್ಟೆಲ್ಲ ಆದ ನಂತರ.

ಇನ್ನು ಆ ಬಿಳಿ ಪುಡಿಯ ವಿಚಾರಕ್ಕೆ ಬರೋಣ. ಶತಮಾನಗಳ ಕಾಲ ಬಿಳಿ ಬಣ್ಣವೆಂದರೆ ಸೀಸದ ಬಿಳಿ. ಅದು ಬಾಳಿಕೆ ಬರುತ್ತಿತ್ತು, ಆದರೆ ಬಳಿಯುವವರ ಬಾಳನ್ನು ತಿನ್ನುತ್ತಿತ್ತು. ಸೀಸ ಮೈಸೇರಿದ ಪೇಂಟರುಗಳು ತಡೆಯಲಾರದ ಹೊಟ್ಟೆನೋವು, ಕೈಕಾಲಿನ ಸೋಲುಗಳಿಂದ ನರಳುತ್ತಿದ್ದರು. 1840ರ ದಶಕದಲ್ಲಿ ಪ್ಯಾರಿಸಿನಲ್ಲಿ ಲೆಕ್ಲೇರ್ ಎಂಬ ಬಣ್ಣದ ಗುತ್ತಿಗೆದಾರನಿದ್ದ. ತಾನೂ ಬ್ರಷ್ ಹಿಡಿದು ಮೇಲೆ ಬಂದವನು. ತನ್ನ ಕೆಲಸಗಾರರು ಈ ವಿಷಕ್ಕೆ ಬಲಿಯಾಗುವುದನ್ನು ನೋಡಲಾರದೆ ಸೀಸದ ಬದಲು ಸತುವಿನ ಬಿಳಿಯನ್ನು ಬಳಕೆಗೆ ತಂದ. 1842ರಲ್ಲಿ ತನ್ನ ಲಾಭದಲ್ಲಿ ಕೆಲಸಗಾರರಿಗೂ ಪಾಲು ಕೊಡಲು ಆರಂಭಿಸಿದವನೂ ಇವನೇ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಲಾಭ ಹಂಚಿಕೆಯ ವಿಚಾರ ಬಂದಾಗ ಇವನ ಹೆಸರು ಬರುತ್ತದೆ. ರಸಾಯನಶಾಸ್ತ್ರದ ಪಾಠದಲ್ಲೂ ಬರಬೇಕಿತ್ತು ಎಂದು ನನಗೆ ಅನಿಸುತ್ತದೆ. ಸತುವಿನ ಬಿಳಿ, ಅಂದರೆ ಝಿಂಕ್ ಆಕ್ಸೈಡ್, ಈ ಕಥೆಯಲ್ಲಿ ಇನ್ನೊಮ್ಮೆ ಬರಲಿದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕಟ್ಟಡಗಳ ಒಳಭಾಗದ ಬಣ್ಣದಲ್ಲಿ ಸೀಸದ ಬಿಳಿಯನ್ನು ತಡೆಯುವ ಒಪ್ಪಂದ ಮಾಡಿದ್ದು 1921ರಲ್ಲಿ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ನಡುವೆ ಎಷ್ಟು ವರ್ಷ ಎಂದು ನೀವೇ ಕಳೆದು ನೋಡಿ.

ಸೀಸದ ಜಾಗವನ್ನು ಕೊನೆಗೆ ಪೂರ್ತಿಯಾಗಿ ತುಂಬಿದ್ದು ಟೈಟಾನಿಯಂ ಡೈಆಕ್ಸೈಡ್. 1916ರ ಸುಮಾರಿಗೆ ನಾರ್ವೆ ಮತ್ತು ಅಮೆರಿಕದಲ್ಲಿ ಇದರ ತಯಾರಿ ಶುರುವಾಯಿತು. ಇದರಷ್ಟು ಚೆನ್ನಾಗಿ ಮುಚ್ಚುವ ಬಿಳಿ ಬೇರೊಂದಿಲ್ಲ, ಸೀಸದ ವಿಷವೂ ಇಲ್ಲ. ಇದರ ಅದಿರಾದ ಇಲ್ಮನೈಟ್ ಎಂಬ ಕಪ್ಪು ಮರಳು ನಮ್ಮ ನೆರೆಯ ತಿರುವಾಂಕೂರಿನ ಕಡಲ ತೀರದಲ್ಲಿ ಹೇರಳವಾಗಿತ್ತು. 1920ರ ದಶಕದಿಂದ ಅದು ಹಡಗು ಹತ್ತಿ ಹೊರದೇಶಗಳಿಗೆ ಹೋಯಿತು. 1946ರಲ್ಲಿ ತಿರುವನಂತಪುರದಲ್ಲೇ ಟ್ರಾವಂಕೂರ್ ಟೈಟಾನಿಯಂ ಕಾರ್ಖಾನೆ ಸ್ಥಾಪನೆಯಾಯಿತು. ಕಪ್ಪು ಮರಳಿನಿಂದ ಜಗತ್ತಿನ ಅತಿ ಬೆಳ್ಳನೆಯ ಪುಡಿ!

ಆದರೆ ಹೊರಗೋಡೆಗೆ, ಗೇಟಿಗೆ ಬಳಿದ ಈ ಹೊಸ ಬಿಳಿ ಒಂದೆರಡು ವರ್ಷಗಳಲ್ಲೇ ಸೀಮೆಸುಣ್ಣದಂತೆ ಉದುರತೊಡಗಿತು. ಬಣ್ಣದ ಕಸುಬಿನವರು ಇದಕ್ಕೆ ಚಾಕಿಂಗ್ ಎಂದು ಹೆಸರಿಟ್ಟರು. ಕಾರಣ ನಿಧಾನವಾಗಿ ತಿಳಿಯಿತು. ಟೈಟಾನಿಯಂ ಡೈಆಕ್ಸೈಡ್ ನೇರಳಾತೀತ ಕಿರಣವನ್ನು ಹೀರಿಕೊಳ್ಳುತ್ತದೆ. ಹೀಗೆ ಹೀರುವುದರಿಂದ ಕೆಳಗಿನ ಪಾಲಿಮರಿಗೆ ಬಿಸಿಲು ತಾಗದಂತೆ ಕಾಯುತ್ತದೆ. ಆದರೆ ಹೀರಿದ ಶಕ್ತಿಯಿಂದ ಕಣದೊಳಗಿನ ಇಲೆಕ್ಟ್ರಾನು ಎದ್ದು ಓಡುತ್ತದೆ. ಕಣದ ಮೈಮೇಲೆ ತೇವವೂ ಆಮ್ಲಜನಕವೂ ಇದ್ದರೆ ಅವುಗಳಿಂದ ತೀವ್ರವಾಗಿ ವರ್ತಿಸುವ ತುಣುಕುಗಳು ಹುಟ್ಟುತ್ತವೆ. ಅವು ತಮ್ಮ ಪಕ್ಕದಲ್ಲಿರುವ ಬೈಂಡರನ್ನೇ ತಿನ್ನುತ್ತವೆ. ಹಿಡಿದಿಟ್ಟವನು ಕರಗಿದ ಮೇಲೆ ಪುಡಿ ಉದುರದೆ ಏನು ಮಾಡೀತು?

ಇದಕ್ಕೆ ಎರಡು ಪರಿಹಾರ ಕಂಡುಕೊಂಡರು. ಟೈಟಾನಿಯಂ ಡೈಆಕ್ಸೈಡಿಗೆ ಅನಟೇಸ್ ಮತ್ತು ರೂಟೈಲ್ ಎಂಬ ಎರಡು ಹರಳು ರೂಪಗಳಿವೆ. ಅನಟೇಸ್ ಹೆಚ್ಚು ಪುಂಡ, ರೂಟೈಲ್ ಸ್ವಲ್ಪ ಸಾಧು. ಹೊರಗಿನ ಬಣ್ಣಕ್ಕೆ ರೂಟೈಲ್ ಬಳಸುವುದು 1940ರ ದಶಕದಿಂದ ರೂಢಿಯಾಯಿತು. ಎರಡನೆಯದು ಇನ್ನೂ ಜಾಣತನದ್ದು. ಪ್ರತಿಯೊಂದು ಕಣಕ್ಕೂ ಸಿಲಿಕಾ ಅಥವಾ ಅಲ್ಯುಮಿನಾದ ತೆಳುವಾದ ಹೊದಿಕೆ ತೊಡಿಸುವುದು. ಬೆಳಕನ್ನು ಹೀರುವ ಕೆಲಸ ನಡೆಯುತ್ತದೆ, ಆದರೆ ಮೈಮೇಲೆ ಹುಟ್ಟುವ ಉಪದ್ರವ ಹೊದಿಕೆಯೊಳಗೇ ತಣ್ಣಗಾಗುತ್ತದೆ. ಆ ಹೊದಿಕೆಯ ದಪ್ಪ ಕೆಲವೇ ನ್ಯಾನೋಮೀಟರ್. ನ್ಯಾನೋ ಎಂಬ ಪದ ಯಾರ ಬಾಯಲ್ಲೂ ಇಲ್ಲದ ಕಾಲದಲ್ಲೇ ಬಣ್ಣದ ಕಾರ್ಖಾನೆಗಳು ಈ ಕೆಲಸ ಮಾಡುತ್ತಿದ್ದವು.

ವಿದ್ಯಾರ್ಥಿ ಮಿತ್ರರಿಗೆ ಇಲ್ಲಿ ಅಳತೆಯ ಬಗ್ಗೆ ಒಂದು ಮಾತು. ಒಂದು ಮೀಟರಿನ ನೂರು ಕೋಟಿಯ ಒಂದು ಭಾಗ ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಒಂದು ಸೆಂಟಿಮೀಟರ್ ಅಂಚಿನ ಘನವೊಂದರ ಮೈ ಒಟ್ಟು 6 ಚದರ ಸೆಂಟಿಮೀಟರ್. ಅದನ್ನೇ ಒಂದು ನ್ಯಾನೋಮೀಟರ್ ಅಂಚಿನ ಘನಗಳಾಗಿ ಕತ್ತರಿಸಲು ಸಾಧ್ಯವಾದರೆ ಒಟ್ಟು ಮೈ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ! ವಸ್ತು ಅಷ್ಟೇ, ಮೈ ಮಾತ್ರ ಬೆಳೆಯಿತು. ಗುಣವಿರಲಿ ದೋಷವಿರಲಿ, ಮೈಮೇಲೆ ನಡೆಯುವುದೆಲ್ಲ ಅಷ್ಟು ಪಟ್ಟು ಹೆಚ್ಚುತ್ತದೆ. ರಿಚರ್ಡ್ ಫೈನ್‌ಮನ್ 1959ರ ಡಿಸೆಂಬರಿನಲ್ಲಿ ಮಾಡಿದ ಉಪನ್ಯಾಸವನ್ನು ಈ ಶಾಸ್ತ್ರದ ಹುಟ್ಟೆಂದು ಹಲವರು ಬರೆಯುತ್ತಾರೆ. ನ್ಯಾನೋ ಟೆಕ್ನಾಲಜಿ ಎಂಬ ಪದವನ್ನು 1974ರಲ್ಲಿ ಬಳಸಿದವರು ಜಪಾನಿನ ನೊರಿಯೊ ತಾನಿಗುಚಿ. ಆದರೆ ಬಳಕೆ ಪದಕ್ಕಿಂತ ಬಹಳ ಹಳೆಯದು.

ಒಂಬತ್ತನೆಯ ಶತಮಾನದಲ್ಲಿ, ಅಬ್ಬಾಸಿಯರ ಕಾಲದ ಇರಾಕಿನಲ್ಲಿ ಕುಂಬಾರರು ಚಿನ್ನದಂತೆ ಮಿನುಗುವ ಪಾತ್ರೆಗಳನ್ನು ಮಾಡುತ್ತಿದ್ದರು. ಇಂದಿನ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಹೊಳಪಿನೊಳಗೆ ಬೆಳ್ಳಿ ಮತ್ತು ತಾಮ್ರದ ನ್ಯಾನೋ ಕಣಗಳು ಕಂಡವು. ಇದನ್ನು ಓದಿ ಹೆಮ್ಮೆಪಡುವುದು ಸಹಜ. ಆದರೆ ಆ ಕುಂಬಾರರಿಗೆ ನ್ಯಾನೋ ವಿಜ್ಞಾನ ತಿಳಿದಿತ್ತು ಎಂದು ಹೇಳಿದರೆ ಅದು ಅತಿಶಯೋಕ್ತಿ. ಅವರಿಗೆ ತಿಳಿದದ್ದು ಆವಿಗೆಯ ಬೆಂಕಿ ಮತ್ತು ಹೊಗೆಯ ಹದ. ಅದೇನೂ ಸಣ್ಣ ವಿದ್ಯೆಯಲ್ಲ. ಅವರ ಲೇಪ ಸಾವಿರ ವರ್ಷ ಉಳಿದದ್ದಕ್ಕೆ ಕಾರಣವೂ ಬೇರೆ. ಅಲ್ಲಿ ಕಣಗಳನ್ನು ಹಿಡಿದಿದ್ದದ್ದು ಗಾಜು. ಗಾಜಿಗೆ ಬಿಸಿಲಿನ ಭಯವಿಲ್ಲ. ನಮ್ಮ ತೊಂದರೆ ಇರುವುದು ಪಾಲಿಮರಿನಲ್ಲಿ.

ಪಾಲಿಮರನ್ನು ಬಿಸಿಲಿನಿಂದ ಕಾಯ್ದ ಮೊದಲ ನ್ಯಾನೋ ವಸ್ತು ಯಾವುದೆಂದು ಕೇಳಿದರೆ ನಾನು ಮಸಿಯ ಕಡೆ ಬೊಟ್ಟು ಮಾಡುತ್ತೇನೆ. ದೀಪದ ಕಾಡಿಗೆಯ ಹತ್ತಿರದ ಬಂಧುವಾದ ಕಾರ್ಬನ್ ಬ್ಲ್ಯಾಕಿನ ಮೂಲ ಕಣಗಳು ಹತ್ತಾರು ನ್ಯಾನೋಮೀಟರ್ ಗಾತ್ರದವು. ಕಳೆದ ಶತಮಾನದ ಆರಂಭದಲ್ಲಿ ಇದನ್ನು ರಬ್ಬರಿಗೆ ಸೇರಿಸಿದರೆ ರಬ್ಬರು ಗಟ್ಟಿಯಾಗುವುದೆಂದು ಇಂಗ್ಲೆಂಡಿನಲ್ಲಿ ಕಂಡುಕೊಂಡರು; ಅಲ್ಲಿಯವರೆಗೆ ಬೆಳ್ಳಗಿದ್ದ ಟೈರುಗಳು 1910ರ ದಶಕದ ನಂತರ ಕಪ್ಪಾದವು. 1933ರಲ್ಲಿ ಪಾಲಿಥಿನ್ ಕಂಡುಹಿಡಿದ ಮೇಲೆ ಅದನ್ನು ತಂತಿಗಳ ಹೊದಿಕೆಗೆ ಬಳಸಿದರು. ಬಿಸಿಲಿಗೆ ಅದು ಬೇಗ ಒಡೆಯಿತು. ಅಮೆರಿಕದ ಬೆಲ್ ಪ್ರಯೋಗಾಲಯದವರು ನೂರಕ್ಕೆ ಎರಡರಷ್ಟು ಕಾರ್ಬನ್ ಬ್ಲ್ಯಾಕ್ ಸೇರಿಸಿದಾಗ ದೂರವಾಣಿ ಕೇಬಲ್ಲುಗಳು ದಶಕಗಳ ಕಾಲ ಬಾಳಿದವು. ತೋಟದಲ್ಲಿ ಬಿಸಿಲಿಗೆ ಬಿದ್ದಿರುವ ಕಪ್ಪು ಎಚ್‌ಡಿಪಿಇ ಪೈಪು ನಿಮಗೆ ಗೊತ್ತಲ್ಲ? ಅದರಲ್ಲಿ ಸುಮಾರು ಎರಡೂವರೆ ಶೇಕಡಾ ಕಾರ್ಬನ್ ಬ್ಲ್ಯಾಕ್ ಇರಬೇಕೆಂದು ನಮ್ಮ ಭಾರತೀಯ ಮಾನಕವೇ ಹೇಳುತ್ತದೆ.

ಮಸಿಯ ಒಂದೇ ತೊಂದರೆ ಎಂದರೆ ಅದು ಕಪ್ಪು. ತೇಗದ ಬಾಗಿಲಿನ ನಾರು ಕಾಣಬೇಕು, ಕಾರಿನ ಕೆಂಪು ಹೊಳೆಯಬೇಕು ಎನ್ನುವವರಿಗೆ ಅದು ಆಗದು. ಅವರಿಗೆ ಬೇಕಾದದ್ದು ಕಣ್ಣಿಗೆ ಕಾಣದ ಕಾವಲು. ಕರಗುವ ಕೆಲವು ಸಾವಯವ ರಾಸಾಯನಿಕಗಳು ಈ ಕೆಲಸ ಮಾಡುತ್ತಿದ್ದವು, ಈಗಲೂ ಮಾಡುತ್ತವೆ. ಆದರೆ ಅವು ವರ್ಷ ಕಳೆದಂತೆ ಲೇಪದಿಂದ ಸೋರಿ ಹೋಗುತ್ತವೆ, ಇಲ್ಲವೇ ತಾವೇ ಬಿಸಿಲಿಗೆ ಸವೆಯುತ್ತವೆ. ನ್ಯಾನೋ ಕಣಗಳು ನಿಜವಾಗಿ ಅಗತ್ಯವಾದದ್ದು ಇಲ್ಲಿ. ಬಿಳಿ ಬಣ್ಣದ ಟೈಟಾನಿಯಂ ಕಣ 200ರಿಂದ 300 ನ್ಯಾನೋಮೀಟರ್ ಇರುತ್ತದೆ. ಆ ಗಾತ್ರದಲ್ಲಿ ಅದು ಕಾಣುವ ಬೆಳಕನ್ನು ಅತಿ ಹೆಚ್ಚು ಚೆದರಿಸುತ್ತದೆ, ಆದ್ದರಿಂದ ಬೆಳ್ಳಗೆ ಕಾಣುತ್ತದೆ. ಅದನ್ನೇ 20–30 ನ್ಯಾನೋಮೀಟರಿಗೆ ಇಳಿಸಿದರೆ ಕಾಣುವ ಬೆಳಕು ಅಡ್ಡಿಯಿಲ್ಲದೆ ದಾಟುತ್ತದೆ, ಲೇಪ ಪಾರದರ್ಶಕವಾಗುತ್ತದೆ. ನೇರಳಾತೀತ ಕಿರಣವನ್ನು ಹೀರುವ ಗುಣ ಮಾತ್ರ ಹಾಗೆಯೇ ಉಳಿಯುತ್ತದೆ. ಲೆಕ್ಲೇರನ ಝಿಂಕ್ ಆಕ್ಸೈಡೂ ಅಷ್ಟೇ, ಸುಮಾರು 370 ನ್ಯಾನೋಮೀಟರಿಗಿಂತ ಕೆಳಗಿನ ಕಿರಣಗಳನ್ನು ನುಂಗುತ್ತದೆ. ಸೀರಿಯಂ ಆಕ್ಸೈಡ್ ಮತ್ತೊಂದು.

ಆದರೆ ಹಳೆಯ ಕಳ್ಳ ಇಲ್ಲಿ ಮತ್ತೆ ತಲೆ ಎತ್ತುತ್ತಾನೆ. ಕಣ ಸಣ್ಣದಾದಷ್ಟೂ ಮೈ ಹೆಚ್ಚು, ಮೈ ಹೆಚ್ಚಿದಷ್ಟೂ ಪಾಲಿಮರನ್ನು ತಿನ್ನುವ ಬಾಯಿಯೂ ದೊಡ್ಡದು. ಹೊದಿಕೆಯಿಲ್ಲದ ನ್ಯಾನೋ ಟೈಟಾನಿಯಮನ್ನು ವಾರ್ನಿಷಿಗೆ ಬೆರೆಸಿದರೆ ಅದು ಬಾಳಿಕೆಯನ್ನು ಹೆಚ್ಚಿಸುವ ಬದಲು ಕಡಿಮೆ ಮಾಡೀತು. ಈ ತಿನ್ನುವ ಗುಣವನ್ನೇ ಕೆಲಸಕ್ಕೆ ಹಚ್ಚಿದವರೂ ಇದ್ದಾರೆ. ಟೋಕಿಯೊದ ಅಕಿರಾ ಫುಜಿಶಿಮಾ ತಮ್ಮ ಗುರು ಹೊಂಡಾ ಅವರೊಂದಿಗೆ 1972ರಲ್ಲಿ ಪ್ರಕಟಿಸಿದ ಸಂಶೋಧನೆ, ಟೈಟಾನಿಯಂ ಡೈಆಕ್ಸೈಡ್ ಬೆಳಕಿನ ಬಲದಿಂದ ನೀರನ್ನೇ ಒಡೆಯಬಲ್ಲದು ಎಂದು ತೋರಿಸಿತು. ಅದರಿಂದ ಮುಂದೆ ತನ್ನ ಕೊಳೆಯನ್ನು ತಾನೇ ತಿಂದುಕೊಳ್ಳುವ ಹಂಚು, 2001ರಲ್ಲಿ ಕಿಟಕಿ ಗಾಜು ಮಾರುಕಟ್ಟೆಗೆ ಬಂದವು. ಗಾಜಿನ ಮೇಲೆ ಅದು ಗುಣ, ಪಾಲಿಮರಿನೊಳಗೆ ಅದೇ ರೋಗ.

ಎರಡನೆಯ ಕಷ್ಟ ಕೇಳಲು ಸಣ್ಣದು, ಮಾಡಲು ದೊಡ್ಡದು. ಬಿಸಿ ನೀರಿಗೆ ಅಕ್ಕಿಹಿಟ್ಟು ಸುರಿದು ಕೈಬಿಟ್ಟರೆ ಏನಾಗುತ್ತದೆಂದು ಅಡುಗೆ ಬಲ್ಲವರಿಗೆ ಗೊತ್ತು. ಗಂಟು ಕಟ್ಟುತ್ತದೆ, ಗಂಟಿನೊಳಗೆ ಒಣ ಹಿಟ್ಟೇ ಉಳಿಯುತ್ತದೆ. ನ್ಯಾನೋ ಕಣಗಳೂ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಗಂಟಾದ ಮೇಲೆ ಅದು ನ್ಯಾನೋ ಅಲ್ಲ, ಬರೀ ಧೂಳು. ಲೇಪದಲ್ಲಿ ಬಿರುಕು ಹುಟ್ಟುವುದೇ ಅಲ್ಲಿಂದ. ಆದ್ದರಿಂದ ಕಣಗಳ ಮೈಗೆ ಸಿಲೇನ್ ಎಂಬ ಅಣುಗಳನ್ನು ಜೋಡಿಸುತ್ತಾರೆ. ಅದರ ಒಂದು ತುದಿ ಕಣವನ್ನು ಹಿಡಿದರೆ ಇನ್ನೊಂದು ತುದಿ ಪಾಲಿಮರಿಗೆ ಒಗ್ಗುತ್ತದೆ. ಬೆರೆಸುವ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಐದರೊಳಗೆ. ಹೆಚ್ಚು ಹಾಕಿದರೆ ಹೆಚ್ಚು ಲಾಭ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬಿಸಿಲಿನ ಮಾತಾಯಿತು. ನೀರು ಮತ್ತು ಉಪ್ಪನ್ನು ತಡೆಯುವ ದಾರಿ ಜೇಡಿಮಣ್ಣಿನಿಂದ ಬಂದಿತು. 1980ರ ದಶಕದ ಕೊನೆಯಲ್ಲಿ ಜಪಾನಿನ ಟೊಯೊಟಾ ಸಂಶೋಧಕರು ನೈಲಾನಿನೊಳಗೆ ಜೇಡಿಯ ಪದರಗಳನ್ನು ಬಿಡಿಬಿಡಿಯಾಗಿ ಹರಡುವುದರಲ್ಲಿ ಯಶಸ್ವಿಯಾದರು. ಒಂದೊಂದು ಪದರದ ದಪ್ಪ ಒಂದು ನ್ಯಾನೋಮೀಟರ್, ಅಗಲ ಅದರ ನೂರು ಪಟ್ಟು. ನಮ್ಮ ಮಂಗಳೂರು ಹೆಂಚಿನ ಮಾಡನ್ನು ನೆನಪಿಸಿಕೊಳ್ಳಿ. ಒಂದರ ಮೇಲೊಂದು ಏರಿ ಕೂತ ಹೆಂಚುಗಳ ನಡುವೆ ನೀರಿಗೆ ನೇರ ದಾರಿ ಇಲ್ಲ. ಪಾಲಿಮರಿನಲ್ಲಿ ಹಾಸಿಕೊಂಡ ಜೇಡಿ ಪದರಗಳ ನಡುವೆಯೂ ನೀರಿನ ಅಣು ಸುತ್ತಿ ಬಳಸಿ ಇಳಿಯಬೇಕಾಗುತ್ತದೆ, ಕಬ್ಬಿಣ ತಲುಪುವುದು ತಡವಾಗುತ್ತದೆ. ಇದೇ ಉಪಾಯವನ್ನು ದೊಡ್ಡ ಗಾತ್ರದಲ್ಲಿ ನೋಡಬೇಕೆಂದರೆ ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆಯನ್ನು ನೋಡಬೇಕು. 1890ರಲ್ಲಿ ತೆರೆದ ಈ ಉಕ್ಕಿನ ಸೇತುವೆಗೆ ಬಣ್ಣ ಬಳಿಯುವ ಕೆಲಸ ಎಂದೂ ಮುಗಿಯದು ಎಂಬುದು ಇಂಗ್ಲಿಷಿನಲ್ಲಿ ಗಾದೆಯೇ ಆಗಿತ್ತು. 2011ರ ಡಿಸೆಂಬರಿನಲ್ಲಿ ಆ ಕೆಲಸ ಮುಗಿಯಿತು. ಕೆಳಗೆ ಸತುವಿನ ಪ್ರೈಮರ್, ನಡುವೆ ಗಾಜಿನ ಚಕ್ಕೆ ಬೆರೆಸಿದ ಎಪಾಕ್ಸಿ, ಮೇಲೆ ಬಿಸಿಲು ತಾಳುವ ಪಾಲಿಯುರೆಥೇನ್. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಬೇಕೆಂಬ ಲೆಕ್ಕದಲ್ಲಿ ಬಳಿದ ಲೇಪ ಅದು. ಆ ಗಾಜಿನ ಚಕ್ಕೆಗಳು ನ್ಯಾನೋ ಅಲ್ಲ, ಅದಕ್ಕಿಂತ ಬಹಳ ದಪ್ಪ. ಡಬ್ಬಿಯ ಮೇಲೆ ನ್ಯಾನೋ ಎಂದು ಬರೆಯದಿದ್ದರೂ ಒಳ್ಳೆಯ ಲೇಪ ಇರಬಹುದು ಎಂಬುದಕ್ಕೆ ಈ ಸೇತುವೆಯನ್ನು ನೆನಪಿಡಿ.

ಬರೆದದ್ದೆಲ್ಲ ನಿಜವಾಗುವುದೂ ಇಲ್ಲ. ತಾವರೆ ಎಲೆಯ ಮೇಲೆ ನೀರು ನಿಲ್ಲದೆಂದು ನಮ್ಮವರು ಎಂದಿನಿಂದಲೂ ಬಲ್ಲರು. ಎಲೆಯ ಮೇಲಿನ ಸೂಕ್ಷ್ಮ ಉಬ್ಬುಗಳು, ಅವುಗಳ ಮೇಲಿನ ಇನ್ನೂ ಸೂಕ್ಷ್ಮವಾದ ಮೇಣವೇ ಇದಕ್ಕೆ ಕಾರಣವೆಂದು ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ತ್‌ಲಾಟ್ ತಮ್ಮ ಸಹೋದ್ಯೋಗಿಯೊಂದಿಗೆ 1997ರಲ್ಲಿ ವಿವರಿಸಿದರು. 1999ರಲ್ಲಿ ಅದೇ ತತ್ತ್ವದ ಗೋಡೆ ಬಣ್ಣವೂ ಬಂದಿತು. ಆದರೆ ತಾವರೆ ಜೀವಂತ ಗಿಡ. ಅದು ಸವೆದ ಮೇಣವನ್ನು ಮತ್ತೆ ಬೆಳೆಸಿಕೊಳ್ಳುತ್ತದೆ. ಗೋಡೆಗೆ ಆ ಭಾಗ್ಯವಿಲ್ಲ. ಗ್ರಾಫೀನ್ ಕಥೆಯೂ ಹೀಗೆಯೇ. 2010ರ ನೊಬೆಲ್ ತಂದ ಈ ಒಂದೇ ಪರಮಾಣು ದಪ್ಪದ ಹಾಳೆ ಲೋಹಕ್ಕೆ ಪರಿಪೂರ್ಣ ಕವಚವೆಂದು ಮೊದಲು ಸುದ್ದಿಯಾಯಿತು. ಬಹುಕಾಲ ಇಟ್ಟು ನೋಡಿದಾಗ, ಬಿರುಕಿರುವಲ್ಲಿ ಅದು ಲೋಹದ ಸವೆತವನ್ನು ಹೆಚ್ಚಿಸಿದ್ದು ಕಂಡಿತು. ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಅದರ ಗುಣವೇ ಇಲ್ಲಿ ಕೇಡಾಯಿತು.

ಲೆಕ್ಲೇರನ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು. ಬಳಿಯುವವನ ಗತಿ ಏನು? ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಮತ್ತು ಕಾರ್ಬನ್ ಬ್ಲ್ಯಾಕ್ ಎರಡನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಇಲಿಗಳು ಪುಡಿಯನ್ನು ಉಸಿರಾಡಿದ ಪ್ರಯೋಗಗಳೇ ಅದಕ್ಕೆ ಮುಖ್ಯ ಆಧಾರ. ಯುರೋಪಿನ ಒಕ್ಕೂಟ ಇದೇ ರೀತಿ ಟೈಟಾನಿಯಂ ಪುಡಿಗೆ ಕೊಟ್ಟ ಎಚ್ಚರಿಕೆಯ ವರ್ಗೀಕರಣವನ್ನು 2022ರ ನವೆಂಬರಿನಲ್ಲಿ ಅಲ್ಲಿನ ನ್ಯಾಯಾಲಯ ರದ್ದುಪಡಿಸಿತು. ವಾದ ಏನೇ ಇರಲಿ, ಆರಿದ ಲೇಪದೊಳಗೆ ಹುದುಗಿದ ಕಣ ಒಂದು ವಿಷಯ, ಒಣ ಪುಡಿಯಾಗಿ ಮೂಗಿಗೆ ಹೋಗುವ ಕಣ ಇನ್ನೊಂದು. ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕುವ ಹುಡುಗ ಎರಡನೆಯದನ್ನು ಉಸಿರಾಡುತ್ತಾನೆ. ಹಳೆಯ ಗೇಟಾದರೆ ಜೊತೆಗೆ ಸೀಸವನ್ನೂ. ಒದ್ದೆ ಮಾಡಿ ತಿಕ್ಕಿಸಿ, ಮೂಗಿಗೆ ಒಳ್ಳೆಯ ಮಾಸ್ಕ್ ಕೊಡಿ. ಮನೆಯ ಯಜಮಾನರಾಗಿ ನಿಮ್ಮ ಕೈಯಲ್ಲೇ ಇರುವ ವಿಷಯವಿದು.

ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ಬಣ್ಣದ ಕಂಪೆನಿಗಳು ತಮ್ಮ ಲೇಪಗಳನ್ನು ಅಮೆರಿಕದ ಫ್ಲೋರಿಡಾದ ಬಿಸಿಲು ಮತ್ತು ತೇವದಲ್ಲಿ ಹಲಗೆಗಳ ಮೇಲೆ ಬಳಿದು ವರ್ಷಗಟ್ಟಲೆ ಇಟ್ಟು ಪರೀಕ್ಷಿಸುತ್ತವೆ. ನಮ್ಮಲ್ಲಿ ಅಂತಹ ಬಿಸಿಲಿಗೂ ತೇವಕ್ಕೂ ಉಪ್ಪು ಗಾಳಿಗೂ ಕೊರತೆಯಿಲ್ಲ. ಅಂಗೈಯಗಲದ ಐದಾರು ಕಬ್ಬಿಣದ ತಗಡುಗಳನ್ನು ಚೆನ್ನಾಗಿ ತಿಕ್ಕಿ, ರೆಡ್ ಆಕ್ಸೈಡ್ ಹಚ್ಚಿ, ಒಂದೊಂದಕ್ಕೆ ಒಂದೊಂದು ಬಣ್ಣ ಬಳಿಯಿರಿ. ನ್ಯಾನೋ ಎಂದು ಬರೆದಿರುವುದೂ ಒಂದಿರಲಿ. ಪ್ರತಿಯೊಂದರ ಮೇಲೂ ಮೊಳೆಯಿಂದ ಒಂದು ಗೀರು ಎಳೆದು, ತಾರಸಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ಕಟ್ಟಿಡಿ. ತಿಂಗಳಿಗೊಮ್ಮೆ ಕಪ್ಪು ಬಟ್ಟೆಯಿಂದ ಒರೆಸಿ, ಬಟ್ಟೆಗೆ ಹತ್ತಿದ ಪುಡಿಯನ್ನೂ ಗೀರಿನ ಎರಡೂ ಬದಿಗೆ ತುಕ್ಕು ಹರಿದ ಅಗಲವನ್ನೂ ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಡಿ. ಎರಡು ಮಳೆಗಾಲ ಕಳೆಯಲಿ. ಆ ಪುಸ್ತಕವನ್ನು ಮುಂದಿನ ಸಂಚಿಕೆಯೊಂದಕ್ಕೆ ಕಳುಹಿಸಿದರೆ ಓದಲು ನಾನಂತೂ ಕಾಯುತ್ತಿರುತ್ತೇನೆ.